ಸುದ್ದಿಚಿತ್ರ ತಿದ್ದುವಾಗ ಕೈ ಎಲ್ಲಿ ನಿಲ್ಲಬೇಕು: ಗಡಿನಾಡಿನ ವರದಿಗಾರರಿಗೆ

ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಮಳೆನೀರು ನಿಂತ ಚಿತ್ರ ಬೆಳಗ್ಗಿನ ಪತ್ರಿಕೆಯಲ್ಲಿ ಬಂತೆಂದರೆ, ಅದನ್ನು ನೋಡುವವರಲ್ಲಿ ಹಲವರು ಹಿಂದಿನ ಸಂಜೆ ಚಪ್ಪಲಿ ಕೈಯಲ್ಲಿ ಹಿಡಿದು ಅದೇ ನೀರು ದಾಟಿದವರು. ನೀರು ಮೊಣಕಾಲಿಗೆ ಬಂದಿತ್ತೋ ಪಾದ ಮಾತ್ರ ಮುಳುಗಿತ್ತೋ ಅವರಿಗೆ ಗೊತ್ತು. ಮೋಡ ಅಷ್ಟು ಕಪ್ಪಾಗಿತ್ತೇ, ಮೂಲೆಯಲ್ಲಿದ್ದ ಕಸದ ರಾಶಿ ಎಲ್ಲಿ ಹೋಯಿತು ಎಂದು ಕೇಳಲು ಅವರಿಗೆ ಯಾವ ತಂತ್ರಾಂಶವೂ ಬೇಡ. ಊರಿನ ಸುದ್ದಿಚಿತ್ರಕ್ಕೆ ಓದುಗರೇ ಸಾಕ್ಷಿಗಳು. ಹಾಗಾಗಿ ಇಲ್ಲಿ ಚಿತ್ರ ತಿದ್ದುವ ಪ್ರಶ್ನೆ ಬರೀ ತತ್ವದ ಮಾತಲ್ಲ.

ನಿಯಮ ಒಂದೇ. ಬೆಳಕನ್ನು ಹದ ಮಾಡಬಹುದು, ಚೌಕಟ್ಟನ್ನು ಕಿರಿದು ಮಾಡಬಹುದು. ಚೌಕಟ್ಟಿನೊಳಗೆ ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಸರಿಸುವಂತಿಲ್ಲ. ಹೇಳುವುದು ಸುಲಭ, ರಾತ್ರಿ ಪುಟ ಕಳಿಸುವ ಗಡಿಬಿಡಿಯಲ್ಲಿ ಕೈ ಜಾರುವುದು ಇನ್ನೂ ಸುಲಭ.

ಚಿತ್ರ ತೆಗೆಯುವ ಮೊದಲೇ

ಈಗಿನ ಫೋನು ಬಟನ್ ಒತ್ತಿದ ಕ್ಷಣದಲ್ಲೇ ಚಿತ್ರ ತಿದ್ದಿಬಿಡುತ್ತದೆ. ಸುದ್ದಿಗೆ ಬಳಸುವ ಫೋನಿನಲ್ಲಿ ಬ್ಯೂಟಿ ಮೋಡ್, ಸೀನ್ ಆಪ್ಟಿಮೈಸರ್, ಎಲ್ಲ ಫಿಲ್ಟರ್‌ಗಳನ್ನು ಮೊದಲು ಆಫ್ ಮಾಡಿ. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಹಿನ್ನೆಲೆಯನ್ನು ಅದು ಲೆಕ್ಕ ಹಾಕಿ ಮಸುಕಾಗಿಸುತ್ತದೆ. ಲೆಕ್ಕ ತಪ್ಪಿದಾಗ ಕಿವಿ, ಮುಟ್ಟಾಳೆಯ ಅಂಚು, ಕೊಡೆಯ ಕಡ್ಡಿ ಎಲ್ಲ ಕರಗಿಹೋಗುತ್ತವೆ. ಹಲವು ಚಿತ್ರಗಳಿಂದ ಒಳ್ಳೆಯ ಮುಖಗಳನ್ನು ಆರಿಸಿ ಒಂದಕ್ಕೆ ಜೋಡಿಸುವ ಸೌಲಭ್ಯವೂ ಕೆಲವು ಫೋನುಗಳಲ್ಲಿದೆ. ಸನ್ಮಾನ ಸಮಾರಂಭದಲ್ಲಿ ಕಣ್ಣು ಮುಚ್ಚಿದವರನ್ನು ಅದು ಕಣ್ಣು ತೆರೆಸುತ್ತದೆ, ನಿಜ. ಆದರೆ ಆ ಎಲ್ಲ ಮುಖಗಳೂ ಹಾಗೆ ಒಟ್ಟಿಗಿದ್ದ ಕ್ಷಣ ಎಂದೂ ಇರಲಿಲ್ಲ.

ಸೆಲ್ಫಿ ಕ್ಯಾಮೆರಾ ಕನ್ನಡಿಯಂತೆ ಮಗುಚಿದ ಚಿತ್ರವನ್ನೇ ಉಳಿಸುತ್ತಿದೆಯೇ ನೋಡಿ. ಬ್ಯಾನರಿನ ಅಕ್ಷರ ಉಲ್ಟಾ ಬಂದರೆ ಕಣ್ಣಿಗೆ ಬೀಳುತ್ತದೆ, ಅಕ್ಷರವೇ ಇಲ್ಲದ ಚಿತ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಕ್ಯಾಮೆರಾ ಇರುವವರು ರಾ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಟ್ಟ ಕಡತ) ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ದಾಖಲಿಸಿ. ಪಿಕ್ಚರ್ ಸ್ಟೈಲ್ ನ್ಯೂಟ್ರಲ್ ಇರಲಿ. ಗಡಿಯಾರ ಸರಿಯಾಗಿದೆಯೇ ಎಂದು ತಿಂಗಳಿಗೊಮ್ಮೆ ಫೋನಿನ ಜೊತೆ ಹೋಲಿಸಿ, ಏಕೆಂದರೆ ಬ್ಯಾಟರಿ ಪೂರ್ತಿ ಮುಗಿದು ತುಂಬ ದಿನ ಬಿದ್ದಿದ್ದರೆ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ನಾಳೆ ಯಾರಾದರೂ ‘ಇದು ಹಳೆಯ ಚಿತ್ರ’ ಎಂದರೆ ನಿಮ್ಮ ಪರ ನಿಲ್ಲುವುದು ಆ ಸಮಯದ ಗುರುತು ಮತ್ತು ಹಿಂದುಮುಂದಿನ ಚಿತ್ರಗಳು ಮಾತ್ರ. ರಾಯಿಟರ್ಸ್ ಸಂಸ್ಥೆ 2015ರ ನವೆಂಬರಿನಲ್ಲಿ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾ ಕಡತದಿಂದ ಮಾಡಿದ ಚಿತ್ರ ಬೇಡ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ದಾಖಲಾದದ್ದನ್ನಷ್ಟೇ ಕಳಿಸಿ ಎಂದಿತು. ನಮ್ಮ ಮಟ್ಟಿಗೆ ಅಷ್ಟು ಬಿಗಿ ಬೇಕಿಲ್ಲ; ರಾ ಕಡತ ಮೂಲದ ಪುರಾವೆಯಾಗಿ ಕೈಯಲ್ಲಿರುವುದೇ ಲೇಸು. ಮುದ್ರಣವಾಗಿ ಒಂದು ವಾರ ಕಳೆಯುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಮೂಲ ಒಂದು ಫೋಲ್ಡರಿನಲ್ಲಿ, ತಿದ್ದಿದ್ದು ಇನ್ನೊಂದರಲ್ಲಿ. ಒಂದರ ಮೇಲೊಂದು ಸೇವ್ ಆದರೆ ಮುಗಿಯಿತು ಕಥೆ.

ಕತ್ತರಿ, ಓರೆ, ಮಗುಚುವಿಕೆ

ಕತ್ತರಿಸುವುದು ಎಲ್ಲರೂ ಒಪ್ಪುವ ತಿದ್ದುಪಡಿ. ಆದ್ದರಿಂದಲೇ ಅಪಾಯಕಾರಿ. ಪ್ರತಿಭಟನೆಯ ಚಿತ್ರದಲ್ಲಿ ಪೊಲೀಸನ ಎತ್ತಿದ ಕೈ ಮಾತ್ರ ಉಳಿಸಿ, ಎದುರಿನವನ ಕೈಯಲ್ಲಿದ್ದ ಕಲ್ಲನ್ನು ಹೊರಗೆ ಹಾಕಿದರೆ ಒಂದು ಪಿಕ್ಸೆಲ್ಲೂ ಸುಳ್ಳಲ್ಲ, ಚಿತ್ರ ಮಾತ್ರ ಪೂರ್ತಿ ಸುಳ್ಳು. ಕತ್ತರಿಸಿದ ಮೇಲೆ ಹೊರಗೆ ಬಿದ್ದ ಭಾಗವನ್ನೊಮ್ಮೆ ನೋಡಿ: ಅದು ಇದ್ದಿದ್ದರೆ ಅಡಿಬರಹ ಬದಲಾಗುತ್ತಿತ್ತೇ? ಹೌದಾದರೆ ಅದು ಒಳಗಿರಬೇಕು.

ದಿಗಂತ ಓರೆಯಾಗಿದ್ದರೆ ಒಂದೆರಡು ಡಿಗ್ರಿ ತಿರುಗಿಸಿ ನೇರ ಮಾಡಬಹುದು. ಆದರೆ ಚರಂಡಿಗೆ ವಾಲಿದ ಬಸ್ಸು, ಗುಡ್ಡ ಕುಸಿದು ಬಾಗಿದ ವಿದ್ಯುತ್ ಕಂಬ, ಬಿರುಕುಬಿಟ್ಟ ಗೋಡೆ ಇವುಗಳಲ್ಲಿ ಓರೆಯೇ ಸುದ್ದಿ. ನಾಲ್ಕು ಡಿಗ್ರಿ ಆಚೀಚೆ ಮಾಡಿದರೆ ವಾಲಿದ್ದು ನೆಟ್ಟಗಾಗುತ್ತದೆ, ಇಲ್ಲವೇ ಈಗಲೋ ಆಗಲೋ ಬೀಳುವಂತೆ ಕಾಣುತ್ತದೆ. ನೇರವಾಗಿ ನಿಂತಿದೆಯೆಂದು ಖಾತ್ರಿಯಿರುವ ವಸ್ತುವೊಂದನ್ನು, ಕಟ್ಟಡದ ಮೂಲೆಯನ್ನೋ ಸಮುದ್ರದ ಗೆರೆಯನ್ನೋ, ಆಧಾರ ಮಾಡಿಕೊಂಡೇ ತಿರುಗಿಸಿ.

ಮಗುಚುವುದು, ಅಂದರೆ ಎಡವನ್ನು ಬಲ ಮಾಡುವುದು, ಯಾವತ್ತೂ ಇಲ್ಲ. ಪುಟ ವಿನ್ಯಾಸದವರು ‘ಮುಖ ಪುಟದ ಒಳಕ್ಕೆ ನೋಡಲಿ’ ಎಂದು ಕೇಳುತ್ತಾರೆ. ಕೊಡಬೇಡಿ. ನಮ್ಮಲ್ಲಿ ಇದರ ಪರಿಣಾಮ ಬೇರೆಯೇ. ಪ್ರಸಾದ ಕೊಡುವ ಕೈ ಎಡಗೈ ಆಗಿಬಿಡುತ್ತದೆ, ಊಟಕ್ಕೆ ಕೂತ ಪಂಕ್ತಿಯಿಡೀ ಎಡಗೈಯಲ್ಲಿ ಉಣ್ಣುತ್ತದೆ, ಸೆರಗು ಬದಲಾಗುತ್ತದೆ. ಮುಂಡಿನ ತುದಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದರಿಂದಲೇ ಉಟ್ಟವನು ಮುಸ್ಲಿಮನೋ ಹಿಂದೂವೋ ಎಂದು ಊಹಿಸುವ ಹಳೆಯ ರೂಢಿ ಮಲಬಾರಿನಲ್ಲಿದೆ. ಗಲಭೆಯ ಚಿತ್ರವೊಂದನ್ನು ಮಗುಚಿದರೆ ಏನಾದೀತು ಎಂದು ಯೋಚಿಸಿ.

ಲೆನ್ಸಿನ ಆಯ್ಕೆಯೂ ಒಂದು ಬಗೆಯ ತಿದ್ದುಪಡಿಯೇ. ಮಧೂರಿನ ಜಾತ್ರೆಯ ಜನಸಂದಣಿಯನ್ನು 200 ಮಿಲಿಮೀಟರ್ ಲೆನ್ಸಿನಲ್ಲಿ ದೂರದಿಂದ ತೆಗೆದರೆ ತಲೆಗಳು ಒತ್ತೊತ್ತಾಗಿ ಕೂಡಿಬಂದು ಸಾವಿರವಿದ್ದದ್ದು ಹತ್ತು ಸಾವಿರದಂತೆ ಕಾಣುತ್ತದೆ. 16 ಮಿಲಿಮೀಟರಿನಲ್ಲಿ ನೆಲಕ್ಕೆ ಕೂತು ತೆಗೆದರೆ ರಸ್ತೆಯ ಹೊಂಡ ಕೆರೆಯಾಗುತ್ತದೆ. ಎರಡೂ ಬಗೆಯಲ್ಲಿ ತೆಗೆಯಿರಿ, ಹೊಂಡದ ಪಕ್ಕ ಸ್ಕೂಟರೋ ಕೊಡೆ ಹಿಡಿದವರೋ ಹಾದುಹೋಗುವವರೆಗೆ ಕಾಯಿರಿ. ಅಳತೆಗೆ ಅದೇ ಸಾಕು.

ಬೆಳಕು ಮತ್ತು ಬಣ್ಣ

ಎಕ್ಸ್‌ಪೋಷರ್, ಕಾಂಟ್ರಾಸ್ಟ್, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಬಣ್ಣದ ಹದ) ಸರಿಪಡಿಸುವುದು ತಪ್ಪಲ್ಲ. ಎಷ್ಟು ಎಂಬುದೇ ಪ್ರಶ್ನೆ. ನಾವು ಸೂಚಿಸುವ ಮಿತಿ ಹೀಗಿದೆ: ಎಕ್ಸ್‌ಪೋಷರ್ ಒಂದೂವರೆ ಸ್ಟಾಪಿನೊಳಗೆ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ), ಬಣ್ಣ ಗಾಢವಾಗಿಸುವ ಸ್ಯಾಚುರೇಷನ್, ವೈಬ್ರೆನ್ಸ್ 10ರೊಳಗೆ, ಕ್ಲಾರಿಟಿ ಮತ್ತು ಮಬ್ಬು ತೆಗೆಯುವ ಡೀಹೇಜ್ 15 ದಾಟದಂತೆ. ಡೀಹೇಜ್ ಸ್ಲೈಡರನ್ನು 40ಕ್ಕೆ ಎಳೆದು ನೋಡಿ. ಆಷಾಢದ ಸಾಮಾನ್ಯ ಮೋಡ ಚಂಡಮಾರುತವಾಗುತ್ತದೆ, ಚಂದ್ರಗಿರಿ ಹೊಳೆಯ ಕೆಂಪುನೀರು ರಕ್ತದಂತಾಗುತ್ತದೆ. ಈ ಅಂಕಿಗಳು ಶಾಸನವಲ್ಲ, ಇವನ್ನು ದಾಟುವಾಗ ಒಮ್ಮೆ ನಿಂತು ಕಾರಣ ಹೇಳಿಕೊಳ್ಳಲೆಂದು ಹಾಕಿದ ಗಡಿ.

ದೈವಾರಾಧನೆಯ ತೆಯ್ಯಂ ಚಿತ್ರಗಳಲ್ಲಿ ಈ ತಪ್ಪು ಹೆಚ್ಚು. ಸೂಟೆಯ ಬೆಂಕಿಯಲ್ಲಿ, ನಸುಕಿನ ಮೊದಲು, ಕಡಿಮೆ ಬೆಳಕಿಗೆಂದು ಏರಿಸಿದ ಐಎಸ್‌ಒ 6400ರಲ್ಲಿ ತೆಗೆದ ಚಿತ್ರ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಬೆಂಕಿಯ ಕಿತ್ತಳೆಯನ್ನು ತಪ್ಪೆಂದು ತಿಳಿದು ತಣ್ಣಗೆ ಮಾಡುತ್ತದೆ. ಮುಖದ ಬಣ್ಣಗಾರಿಕೆ ಟ್ಯೂಬ್‌ಲೈಟಿನ ಕೆಳಗೆ ಬರೆದಂತೆ ಕಾಣುತ್ತದೆ. ಅದನ್ನು ಸರಿಮಾಡಲು ಹೊರಟವರು ಕೆಂಪನ್ನು ಏರಿಸುತ್ತಾ ಹೋಗಿ ಕ್ಯಾಲೆಂಡರ್ ಚಿತ್ರ ಮಾಡಿಡುತ್ತಾರೆ. ದಾರಿ ಇದು: ತೆಗೆಯುವಾಗಲೇ ವೈಟ್ ಬ್ಯಾಲೆನ್ಸಿನ ಉಷ್ಣಮಾನವನ್ನು 3800ರಿಂದ 4500 ಕೆಲ್ವಿನ್ ನಡುವೆ ನಿಲ್ಲಿಸಿ. ಜ್ವಾಲೆಯ ನಡುಭಾಗ ಬಿಳಿಯಾಗಿ ಸುಟ್ಟುಹೋದರೂ ಚಿಂತೆಯಿಲ್ಲ, ಮುಖದ ಬೆಳಕಿನ ಅಳತೆ ತೆಗೆದು ಅರ್ಧ ಸ್ಟಾಪ್ ಕಡಿಮೆ ಇಡಿ. ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ತುಸು ಎತ್ತಿ. ಹಿಂದೆ ನಿಂತ ಜನ ಕತ್ತಲಲ್ಲಿದ್ದರು ಎಂದಾದರೆ ಚಿತ್ರದಲ್ಲೂ ಕತ್ತಲಲ್ಲೇ ಇರಲಿ. ರಾತ್ರಿಯನ್ನು ಹಗಲು ಮಾಡುವುದು, ಹಗಲನ್ನು ರಾತ್ರಿ ಮಾಡುವುದು ಎರಡೂ ಬೇಡ.

ಒಂದು ಭಾಗವನ್ನು ಮಾತ್ರ ಕಪ್ಪಾಗಿಸುವ ಬರ್ನ್ ಉಪಕರಣ ಇನ್ನೂ ಸೂಕ್ಷ್ಮ. ಹಿನ್ನೆಲೆಯನ್ನು ಕಣ್ಣಿಗೆ ಕಾಣದಷ್ಟು ಕಪ್ಪಾಗಿಸಿದರೆ ಅಳಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. 1994ರ ಜೂನ್‌ನಲ್ಲಿ ಟೈಮ್ ಪತ್ರಿಕೆ ಕೊಲೆ ಆರೋಪ ಹೊತ್ತ ಕಪ್ಪುವರ್ಣದ ಮಾಜಿ ಫುಟ್ಬಾಲ್ ಆಟಗಾರ ಒ.ಜೆ. ಸಿಂಪ್ಸನ್ ಅವರ, ಪೊಲೀಸರು ತೆಗೆದ ಚಿತ್ರವನ್ನು ಮುಖಪುಟದಲ್ಲಿ ಕಪ್ಪಾಗಿಸಿ ಅಚ್ಚುಹಾಕಿತು. ನ್ಯೂಸ್‌ವೀಕ್ ಅದೇ ಚಿತ್ರವನ್ನು ಇದ್ದಂತೆ ಹಾಕಿತ್ತು. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ನೇತಾಡುತ್ತಿದ್ದವು. ಇನ್ನೇನು ಬೇಕು?

ಮುದ್ರಣದ ಕಾರಣಕ್ಕೆ ಮಾಡುವ ಹದವನ್ನು ಇದರೊಡನೆ ಬೆರೆಸಬೇಡಿ. ಸುದ್ದಿಕಾಗದ ಮಸಿ ಹೀರುತ್ತದೆ, ಚುಕ್ಕೆ ಹರಡುತ್ತದೆ. ಮಧ್ಯದ ಛಾಯೆಗಳು ಸುಮಾರು 26 ಶೇಕಡಾ ದಪ್ಪವಾಗುತ್ತವೆ. ಹಾಗಾಗಿ ತೆರೆಯಲ್ಲಿ ಸರಿಯಿದ್ದ ಕಂದು ಮುಖ ಕಾಗದದಲ್ಲಿ ಇದ್ದಿಲಾಗುತ್ತದೆ. ಮಿಡ್‌ಟೋನ್ ತಿಳಿ ಮಾಡುವುದು, ನಾಲ್ಕು ಬಣ್ಣಗಳ ಒಟ್ಟು ಮಸಿಯನ್ನು 240 ಶೇಕಡಾದೊಳಗೆ ಇಡುವುದು ಮುದ್ರಣಾಲಯದ ಕೆಲಸ, ವಂಚನೆಯಲ್ಲ. ಆದರೆ ಅದನ್ನು ಇಡೀ ಚಿತ್ರಕ್ಕೆ ಮಾಡಿ. ಮುಖವನ್ನು ಮಾತ್ರ ಆರಿಸಿ ಬೆಳ್ಳಗೆ ಮಾಡುವ ಚಾಳಿ, ಅದರಲ್ಲೂ ಮದುವಣಗಿತ್ತಿ ಮತ್ತು ರಾಜಕಾರಣಿಗಳಿಗೆ, ಸ್ಟುಡಿಯೋದಿಂದ ಪತ್ರಿಕೆಗೆ ಬಂದದ್ದು. ಮುದ್ರಣಕ್ಕೆಂದು ಹದಮಾಡಿದ ಕಡತವನ್ನು ಸಂಗ್ರಹಕ್ಕೂ ಜಾಲತಾಣಕ್ಕೂ ಕಳಿಸಬೇಡಿ, ಅಲ್ಲಿ ಅದು ತೊಳೆದಿಟ್ಟಂತೆ ಕಾಣುತ್ತದೆ.

ಅಳಿಸುವ ಉಪಕರಣ

ಚಿತ್ರದ ಒಂದು ಭಾಗವನ್ನು ನಕಲಿಸಿ ಇನ್ನೊಂದರ ಮೇಲೆ ಮೆತ್ತುವ ಕ್ಲೋನ್ ಮತ್ತು ಹೀಲಿಂಗ್ ಬ್ರಷ್‌ಗೆ ಒಂದೇ ಒಂದು ಒಪ್ಪಿತ ಕೆಲಸ: ಸೆನ್ಸರಿನ ಮೇಲೆ ಕೂತ ಧೂಳಿನ ಚುಕ್ಕೆ ತೆಗೆಯುವುದು. ಅದು ಧೂಳೇ ಎಂದು ತಿಳಿಯುವುದು ಹೇಗೆ? ಅದೇ ದಿನದ ಬೇರೆ ಚಿತ್ರಗಳಲ್ಲಿ ಅದೇ ಜಾಗದಲ್ಲಿ ಚುಕ್ಕೆ ಇರಬೇಕು. ಲೆನ್ಸಿನ ಕಿಂಡಿ ಕಿರಿದಾದ ಎಫ್/16ರಲ್ಲಿ ಎದ್ದು ಕಾಣುವುದು ಕಿಂಡಿ ಅಗಲವಾದ ಎಫ್/2.8ರಲ್ಲಿ ಮಾಯವಾಗಬೇಕು. ಇವೆರಡೂ ಆಗದಿದ್ದರೆ ಅದು ಗಿಡುಗನೋ ಡ್ರೋನೋ ಆಗಿರಬಹುದು, ಬಿಟ್ಟುಬಿಡಿ.

ಉಳಿದದ್ದೆಲ್ಲ, ತಂತಿ, ಕಂಬ, ಅಡ್ಡ ಬಂದ ಕೈ, ಪ್ಲಾಸ್ಟಿಕ್ ಚೀಲ, ಇದ್ದಲ್ಲೇ ಇರಲಿ. 2013ರಲ್ಲಿ ಸಿರಿಯಾದಲ್ಲಿ ಛಾಯಾಗ್ರಾಹಕ ನಾರ್ಸಿಸೊ ಕಾಂಟ್ರೆರಾಸ್ ತೆಗೆದ ಚಿತ್ರದ ಎಡಗಡೆಯ ಮೂಲೆಯಲ್ಲಿ ಸಹೋದ್ಯೋಗಿಯೊಬ್ಬರ ವಿಡಿಯೋ ಕ್ಯಾಮೆರಾ ನೆಲದ ಮೇಲಿತ್ತು. ಅದನ್ನು ಅಳಿಸಿ ಕಳಿಸಿದರು. 2014ರ ಜನವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಅವರೊಡನೆ ಸಂಬಂಧ ಕಡಿದುಕೊಂಡಿತು. ಪುಲಿಟ್ಜರ್ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವರು. ಅವರ ಉಳಿದ ಸುಮಾರು 500 ಚಿತ್ರಗಳನ್ನು ಜಾಲಾಡಿದಾಗ ಬೇರೆ ಯಾವುದರಲ್ಲೂ ತಿದ್ದುಪಡಿ ಸಿಗಲಿಲ್ಲ. ಆ ಕ್ಯಾಮೆರಾವನ್ನು ಕತ್ತರಿಸಿ ಹೊರಗಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಸೇರಿಸುವವರು ಸಿಕ್ಕಿಬೀಳುವುದು ಪುನರಾವರ್ತನೆಯಿಂದ. 2003ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ಬ್ರಯಾನ್ ವಾಲ್ಸ್ಕಿ ಇರಾಕಿನ ಎರಡು ಚಿತ್ರಗಳನ್ನು ಒಂದು ಮಾಡಿದರು. ಹಿನ್ನೆಲೆಯ ಕೆಲವರು ಎರಡೆರಡು ಬಾರಿ ಕಾಣಿಸಿಕೊಂಡರು, ಕೆಲಸ ಹೋಯಿತು. 2006ರ ಆಗಸ್ಟಿನಲ್ಲಿ ಬೈರೂತಿನ ಹೊಗೆಯನ್ನು ಕ್ಲೋನ್ ಮಾಡಿ ದಟ್ಟವಾಗಿಸಿದ ಅದ್ನಾನ್ ಹಜ್ ಅವರ 920 ಚಿತ್ರಗಳನ್ನು ರಾಯಿಟರ್ಸ್ ಕಿತ್ತುಹಾಕಿತು. ಹೊಗೆಯ ಸುರುಳಿ ಒಂದೇ ಆಕಾರದಲ್ಲಿ ಮತ್ತೆ ಮತ್ತೆ ಬಂದಿತ್ತು.

ಸಂಗ್ರಹದ ವಿಷಯದಲ್ಲೂ ಎಚ್ಚರ ಬೇಕು. 1970ರಲ್ಲಿ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನ್ ಫಿಲೊ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಅಳುತ್ತಿರುವ ಹುಡುಗಿಯ ತಲೆಯ ಹಿಂದೆ ಬೇಲಿಯ ಕಂಬವೊಂದಿದೆ. 1995ರಲ್ಲಿ ಲೈಫ್ ಪತ್ರಿಕೆ ಅಚ್ಚುಹಾಕಿದ ಪ್ರತಿಯಲ್ಲಿ ಕಂಬವಿಲ್ಲ. ಅಂದು ಸಂಪಾದಕರು ಮುಟ್ಟಿರಲಿಲ್ಲ. ಸಂಗ್ರಹದಿಂದ ಬಂದ ಪ್ರತಿಯಲ್ಲೇ ಕಂಬ ಹೋಗಿತ್ತು. ಸಂಗ್ರಹಕ್ಕೆ ಮೂಲ ಮಾತ್ರ ಹೋಗಲಿ ಎನ್ನುವುದು ಇದಕ್ಕೇ.

ಎಐ ಹಿಗ್ಗಿಸುವಿಕೆ

ಮಸುಕಾದ ಚಿತ್ರವನ್ನು ಚೊಕ್ಕ ಮಾಡುವ ತಂತ್ರಾಂಶ ಈಗ ಎಲ್ಲರ ಫೋನಿನಲ್ಲಿದೆ. ಅದು ಇಲ್ಲದ ವಿವರವನ್ನು ಊಹಿಸಿ ಬರೆಯುತ್ತದೆ. ಊಹೆ ಎಲ್ಲಿ ಕೆಡುತ್ತದೆಂದು ನೋಡಬೇಕಿದ್ದರೆ ನಮ್ಮ ಪೇಟೆಯ ಯಾವುದಾದರೂ ದ್ವಿಭಾಷಾ ಫಲಕದ ಮಸುಕು ಚಿತ್ರ ಕೊಟ್ಟು ನೋಡಿ. ಕನ್ನಡದ ಒತ್ತಕ್ಷರಗಳು ಮಲಯಾಳದ ಚಿಲ್ಲಕ್ಷರಗಳ ಜೊತೆ ಕಲಸಿ, ಯಾವ ಭಾಷೆಯೂ ಅಲ್ಲದ ಸುರುಳಿಗಳಾಗುತ್ತವೆ. ಅಪಘಾತದ ಚಿತ್ರದಲ್ಲಿ ಇದೇ ತಂತ್ರಾಂಶ ಕೆಎಲ್ 14ರ ನಂಬರ್ ಪ್ಲೇಟಿನ 3ನ್ನು 8 ಮಾಡಿದರೆ ಯಾರದೋ ತಪ್ಪಿಗೆ ಇನ್ಯಾರದೋ ಮನೆಗೆ ಪೊಲೀಸರು ಹೋದಾರು. ದೂರದ ಮುಖಕ್ಕೆ ಅದು ಹೊಸ ಕಣ್ಣು ಮೂಗು ಬರೆಯುತ್ತದೆ.

ಹಿಗ್ಗಿಸುವ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ. ಸುದ್ದಿಕಾಗದಕ್ಕೆ ಇಂಚಿಗೆ 200 ಪಿಕ್ಸೆಲ್ ಧಾರಾಳ. ವಾಟ್ಸ್ಆ್ಯಪಿನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಬಂದ ಚಿತ್ರದ ಉದ್ದದ ಬದಿ ಸುಮಾರು 1600 ಪಿಕ್ಸೆಲ್ ಇರುತ್ತದೆ. ಅಂದರೆ 8 ಇಂಚು, 20 ಸೆಂಟಿಮೀಟರ್ ಅಗಲಕ್ಕೆ ಸಾಕು. ಅದಕ್ಕಿಂತ ಚಿಕ್ಕದಿದ್ದರೆ ಚಿಕ್ಕದಾಗಿಯೇ ಅಚ್ಚುಹಾಕಿ. ಮಸುಕಾದ ನಿಜ ಚಿತ್ರಕ್ಕೆ ಓದುಗರು ಬೈಯುವುದಿಲ್ಲ.

ಮುಖ ಮರೆಮಾಡುವಾಗ

ಚಿತ್ರದೊಳಗಿನದನ್ನು ಬದಲಿಸಲೇಬೇಕಾದ ಸಂದರ್ಭ ಇದೊಂದೇ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಮು ಮಗುವಿನ ಹೆಸರು, ಚಿತ್ರ ಮಾತ್ರವಲ್ಲ, ವಿಳಾಸ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದರಿಂದಲೂ ಗುರುತು ಬಯಲಾಗಬಾರದು ಎನ್ನುತ್ತದೆ. ಶಿಕ್ಷೆ ಆರು ತಿಂಗಳಿಂದ ಒಂದು ವರ್ಷದ ತನಕ. ಬಾಲನ್ಯಾಯ ಕಾಯ್ದೆಯ 74ನೇ ಕಲಮು, ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತಿನ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಕೂಡ ಇವೆ.

ಸಣ್ಣ ಪಂಚಾಯಿತಿಯಲ್ಲಿ ಮುಖ ಮಸುಕಾದರೆ ಏನೂ ಮರೆಯಾಗುವುದಿಲ್ಲ. ಯೂನಿಫಾರ್ಮಿನ ಬಣ್ಣ, ಬ್ಯಾಗಿನ ಚಿಹ್ನೆ, ಪಕ್ಕದಲ್ಲಿ ನಿಂತ ತಾಯಿ, ಮನೆಯ ಮುಂದಿನ ಕಟ್ಟೆ, ಅಂಗಳದ ಬೈಕು, ಇಷ್ಟರಲ್ಲಿ ಯಾವುದೊಂದಿದ್ದರೂ ಸಾಕು. ಇಂಥಲ್ಲಿ ಮರೆಮಾಡುವುದಕ್ಕಿಂತ ಆ ಚಿತ್ರವನ್ನೇ ಬಿಡುವುದು ಸರಿ.

ಮರೆಮಾಡುವುದೇ ಆದರೆ ಹೀಗೆ ಮಾಡಿ. ತೆಳುವಾದ ಬ್ಲರ್ ಬೇಡ, ಚಿಕ್ಕ ಚೌಕಗಳ ಪಿಕ್ಸೆಲ್ ಕೂಡ ಬೇಡ, ಕಣ್ಣು ಕಿರಿದು ಮಾಡಿ ನೋಡಿದರೆ ಪರಿಚಿತರಿಗೆ ಗುರುತು ಸಿಗುತ್ತದೆ. ತಲೆ, ಕೂದಲು, ಕುತ್ತಿಗೆ ಸೇರಿಸಿ ಗಟ್ಟಿ ಬಣ್ಣದ ತೇಪೆ ಹಾಕಿ. ಲೇಯರ್‌ಗಳನ್ನು ಒಂದಾಗಿಸಿ ಹೊಸ ಜೆಪೆಗ್ ಆಗಿ ರಫ್ತು ಮಾಡಿ. ಇಲ್ಲೊಂದು ಗುಟ್ಟಿನ ಅಪಾಯವಿದೆ: ಜೆಪೆಗ್ ಕಡತದೊಳಗೆ ಉಗುರಿನಗಲದ ಪೂರ್ವನೋಟ ಚಿತ್ರವೊಂದು ಅಡಗಿರುತ್ತದೆ. ಕೆಲವು ತಂತ್ರಾಂಶಗಳು ದೊಡ್ಡ ಚಿತ್ರ ತಿದ್ದಿ ಇದನ್ನು ಹಾಗೇ ಬಿಡುತ್ತವೆ, ಮರೆಮಾಡಿದ ಮುಖ ಅಲ್ಲಿ ನಗುತ್ತಿರುತ್ತದೆ. ರಫ್ತಿನ ವೇಳೆ ಎಲ್ಲ ಮೆಟಾಡೇಟಾ (ಕಡತದೊಳಗಿನ ಸಮಯ, ಸ್ಥಳದಂಥ ಮಾಹಿತಿ) ತೆಗೆಯಿರಿ, ಮನೆಯ ಜಿಪಿಎಸ್ ಗುರುತೂ ಆಗ ಹೋಗುತ್ತದೆ. ಫೋನಿನ ಸ್ಕ್ರೀನ್‌ಶಾಟ್ ಕತ್ತರಿಸುವ ಉಪಕರಣವನ್ನೂ ಇಂಥ ಕೆಲಸಕ್ಕೆ ನಂಬಬೇಡಿ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಉಪಕರಣದಲ್ಲಿ, ಕತ್ತರಿಸಿ ತೆಗೆದ ಭಾಗವನ್ನು ಕಡತದಿಂದ ಮರಳಿ ಪಡೆಯಬಹುದಾದ ದೋಷ ಬಯಲಾಗಿತ್ತು. ಮರೆಮಾಡಿದ್ದು ಎದ್ದು ಕಾಣಲಿ. ನಿಜ ಮುಖದ ಜಾಗಕ್ಕೆ ಎಐ ರಚಿಸಿದ ಮುಖ ಕೂರಿಸುವುದು ರಕ್ಷಣೆಯಲ್ಲ, ಸುಳ್ಳು.

ಕಾಸರಗೋಡಿನಲ್ಲಿ ಇನ್ನೊಂದು ಮಾತು ಹೇಳದೆ ಇರಲಾಗದು. ಗೇರುತೋಟಗಳ ಮೇಲೆ ಎರಡು ದಶಕ ಕಾಲ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಚಿತ್ರಗಳು ಈ ಜಿಲ್ಲೆಯನ್ನು ಲೋಕಕ್ಕೆ ಪರಿಚಯಿಸಿದವು. ಆ ಚಿತ್ರಗಳಿಲ್ಲದೆ ಹೋರಾಟ ಅಷ್ಟು ದೂರ ಹೋಗುತ್ತಿರಲಿಲ್ಲ. ಆದರೂ ಮಗುವಿನ ದೇಹವನ್ನು ಕಪ್ಪುಬಿಳುಪಿಗೆ ಇಳಿಸಿ ಕಾಂಟ್ರಾಸ್ಟ್ ಏರಿಸಿ, ಪಕ್ಕದಲ್ಲಿ ಕೂತು ಗಂಜಿ ಉಣಿಸುತ್ತಿದ್ದ ಅಮ್ಮನ ಕೈಯನ್ನು ಕತ್ತರಿಸಿಬಿಟ್ಟರೆ ಉಳಿಯುವುದು ರೋಗ ಮಾತ್ರ. ಬಣ್ಣದಲ್ಲೇ ಬಿಡಿ, ಅಮ್ಮ ಒಳಗಿರಲಿ. ಹತ್ತು ವರ್ಷ ಹಿಂದಿನ ಚಿತ್ರವನ್ನು ಮರುಬಳಸುವಾಗ ಆ ಮಗು ಈಗ ಹೇಗಿದೆ, ಮನೆಯವರ ಒಪ್ಪಿಗೆ ಇದೆಯೇ ಎಂದು ಒಂದು ಫೋನು ಮಾಡಿ ಕೇಳಿ. ತೆಗೆದ ವರ್ಷವನ್ನು ಅಡಿಬರಹದಲ್ಲಿ ಹಾಕಿ.

ಹೊರಗಿನಿಂದ ಬಂದ ಚಿತ್ರ

ಜಿಲ್ಲಾ ಪುಟದಲ್ಲಿ ಸಂಘಟಕರು, ಪಕ್ಷಗಳು, ಓದುಗರು ಕಳಿಸಿದ ಚಿತ್ರಗಳಿಗೂ ಜಾಗವಿರುತ್ತದೆ. ಸರ್ಕಾರಿ ಮೂಲವಾದರೂ ನೋಡದೆ ಹಾಕುವಂತಿಲ್ಲ. 2015ರ ಡಿಸೆಂಬರಿನ ಚೆನ್ನೈ ನೆರೆಯ ವೇಳೆ ಪ್ರಧಾನಿಯವರ ವೈಮಾನಿಕ ಸಮೀಕ್ಷೆಯ ಚಿತ್ರದಲ್ಲಿ ಕಿಟಕಿಯ ಹೊರನೋಟವನ್ನೇ ಬದಲಿಸಿ ಹಾಕಿದ್ದ ಪ್ರೆಸ್ ಇನ್‌ಫರ್ಮೇಷನ್ ಬ್ಯೂರೊ ಅದನ್ನು ಹಿಂತೆಗೆಯಬೇಕಾಯಿತು. 2024ರ ಮಾರ್ಚಿನಲ್ಲಿ ಬ್ರಿಟಿಷ್ ಅರಮನೆ ಕೊಟ್ಟ ರಾಜಕುಮಾರಿ ಕೇಟ್ ಮತ್ತು ಮಕ್ಕಳ ಚಿತ್ರವನ್ನು ದೊಡ್ಡ ಸುದ್ದಿಸಂಸ್ಥೆಗಳೆಲ್ಲ ವಾಪಸ್ ಪಡೆದವು. ಮಗಳ ತೋಳಿನ ಅಂಚು ಹೊಂದುತ್ತಿರಲಿಲ್ಲ, ಅಷ್ಟೆ. 2023ರ ಮೇ 28ರಂದು ದಿಲ್ಲಿಯಲ್ಲಿ ಪೊಲೀಸ್ ಬಸ್ಸಿನೊಳಗೆ ಕುಸ್ತಿಪಟುಗಳಾದ ವಿನೇಶ್ ಮತ್ತು ಸಂಗೀತಾ ಫೋಗಟ್ ಇದ್ದ ಸೆಲ್ಫಿಗೆ ಎಐ ಮೂಲಕ ನಗು ಅಂಟಿಸಿ ಹರಿಬಿಟ್ಟರು. ಮೂಲದಲ್ಲಿ ಯಾರೂ ನಕ್ಕಿರಲಿಲ್ಲ.

ಚಿತ್ರ ಕಳಿಸಿದವರಿಗೆ ಮೊದಲು ಹೇಳಬೇಕಾದ್ದು: ‘ಡಾಕ್ಯುಮೆಂಟ್ ಆಗಿ ಕಳಿಸಿ.’ ಸಾಮಾನ್ಯವಾಗಿ ಕಳಿಸಿದರೆ ವಾಟ್ಸ್ಆ್ಯಪ್ ಸಮಯ, ಸ್ಥಳದ ಗುರುತುಗಳನ್ನು ಅಳಿಸಿಬಿಡುತ್ತದೆ. ಎರಡನೆಯದು: ‘ಇದರ ಹಿಂದಿನ, ಮುಂದಿನ ಚಿತ್ರವನ್ನೂ ಕಳಿಸಿ.’ ನಿಜವಾಗಿ ತೆಗೆದವರ ಬಳಿ ನಾಲ್ಕಾರು ಇದ್ದೇ ಇರುತ್ತವೆ. ಫಾರ್ವರ್ಡ್ ಮಾಡಿದವರ ಬಳಿ ಒಂದೇ. ಆಮೇಲೆ ಗೂಗಲ್ ಲೆನ್ಸಿನಲ್ಲಿ ಹುಡುಕಿ. 2018ರ ಆಗಸ್ಟಿನ ಕೇರಳ ನೆರೆಯ ಚಿತ್ರಗಳು ಮಳೆಗಾಲ ಬಂದಾಗೆಲ್ಲ ಹೊಸ ಊರಿನ ಹೆಸರು ಹೊತ್ತು ಬರುತ್ತವೆ. ಸ್ಥಳಜ್ಞಾನವನ್ನೂ ಬಳಸಿ: ಬೇಕಲದ ಕಡಲಿನ ಮೇಲೆ ಸೂರ್ಯ ಇದ್ದರೆ ಅದು ಸಂಜೆ, ‘ಬೆಳಗ್ಗೆ’ ಎಂದು ಬರೆದಿದ್ದರೆ ಚಿತ್ರವೋ ಅಡಿಬರಹವೋ ಸುಳ್ಳು. ಗುಂಪುಚಿತ್ರದಲ್ಲಿ ತಡವಾಗಿ ಬಂದ ಅತಿಥಿಯನ್ನು ಅಂಟಿಸಿದ್ದರೆ ಮುಖ ನೋಡಬೇಡಿ, ಪಾದ ನೋಡಿ. ಉಳಿದವರ ನೆರಳು ಎಡಕ್ಕೆ ಬಿದ್ದು ಅವರದು ಮಾತ್ರ ಇರುವುದಿಲ್ಲ, ಇಲ್ಲವೇ ಚಪ್ಪಲಿ ನೆಲಕ್ಕೆ ತಾಗಿರುವುದಿಲ್ಲ. ತಿದ್ದಿದ ಭಾಗವನ್ನು ಹೊಳಪಿನಿಂದ ತೋರಿಸುವ ಎರರ್ ಲೆವೆಲ್ ಅನಾಲಿಸಿಸ್ ಎಂಬ ಆನ್‌ಲೈನ್ ಪರೀಕ್ಷೆಯನ್ನು ಮಾತ್ರ ಬಲವಾಗಿ ನಂಬಬೇಡಿ. ವಾಟ್ಸ್ಆ್ಯಪಿನಲ್ಲಿ ಮೂರು ಸಲ ಕುಗ್ಗಿದ ಚಿತ್ರದಲ್ಲಿ ಅದು ಎಲ್ಲೆಂದರಲ್ಲಿ ಹೊಳೆಯುತ್ತದೆ.

ಅಡಿಬರಹ ಮತ್ತು ತಪ್ಪೊಪ್ಪಿಗೆ

ಅಡಿಬರಹವನ್ನು ಕಡತದೊಳಗೇ ಬರೆಯುವುದಾದರೆ ಯೂನಿಕೋಡಿನಲ್ಲಿ ಬರೆಯಿರಿ. ನುಡಿ, ಶ್ರೀಲಿಪಿಯ ಹಳೆಯ ಆಸ್ಕಿ ಅಕ್ಷರದಲ್ಲಿ ತುಂಬಿಸಿದ ಅಡಿಬರಹ ಐದು ವರ್ಷ ಬಿಟ್ಟು ತೆರೆದಾಗ ಚುಕ್ಕೆ ಕೊಂಬುಗಳ ರಾಶಿಯಾಗಿರುತ್ತದೆ, ಆಗ ಚಿತ್ರ ಯಾವ ಊರಿನದೆಂದು ದೇವರಿಗೇ ಗೊತ್ತು. ಊರಿನ ಹೆಸರನ್ನು ಕನ್ನಡದ ರೂಪದಲ್ಲೂ ಮಲಯಾಳದವರು ಬಳಸುವ ರೂಪದಲ್ಲೂ ಸೇರಿಸಿ, ಕುಂಬಳೆ ಮತ್ತು ಕುಂಬಳ ಎರಡೂ ಹುಡುಕಾಟಕ್ಕೆ ಸಿಗಬೇಕು. ‘ಸಂಗ್ರಹ ಚಿತ್ರ’, ‘ಪ್ರಾತಿನಿಧಿಕ ಚಿತ್ರ’, ‘ಎಐ ರಚಿತ’, ‘ಮುಖ ಮರೆಮಾಡಲಾಗಿದೆ’ ಎಂಬ ಪದಗಳು ಅಡಿಬರಹದಷ್ಟೇ ದೊಡ್ಡ ಅಕ್ಷರದಲ್ಲಿರಲಿ, ಮೂಲೆಯಲ್ಲಿ ಇರುವೆಯಂತೆ ಅಲ್ಲ. ಉದ್ಘಾಟಕರಿಗೆ ‘ಇನ್ನೊಮ್ಮೆ ದೀಪ ಹಚ್ಚಿ’ ಎಂದು ಹೇಳಿ ತೆಗೆದ ಚಿತ್ರಕ್ಕೆ ‘ದೀಪ ಬೆಳಗಿ ಉದ್ಘಾಟಿಸಿದರು’ ಎಂದು ಬರೆಯಬೇಡಿ. ಛಾಯಾಚಿತ್ರಕ್ಕಾಗಿ ನಿಂತರು ಎಂದೇ ಬರೆಯಿರಿ.

ತಿದ್ದಿದ ಚಿತ್ರ ಅಚ್ಚಾಗಿಹೋದರೆ ಮೊದಲು ಜಾಲತಾಣ ಮತ್ತು ಇ-ಪತ್ರಿಕೆಯಿಂದ ತೆಗೆಯಿರಿ, ಚಿತ್ರ ಹಂಚಿಕೊಂಡ ಬೇರೆ ಆವೃತ್ತಿಗಳಿಗೂ ಮಲಯಾಳ ಪತ್ರಿಕೆಯ ಗೆಳೆಯರಿಗೂ ಫೋನು ಮಾಡಿ ‘ಬಳಸಬೇಡಿ’ ಎನ್ನಿ. ಮರುದಿನ ಅದೇ ಪುಟದಲ್ಲಿ, ಅದೇ ಅಗಲದಲ್ಲಿ ಮೂಲ ಚಿತ್ರ ಹಾಕಿ, ಏನನ್ನು ಬದಲಿಸಲಾಗಿತ್ತು ಎಂದು ಒಂದು ಸಾಲಿನಲ್ಲಿ ಹೇಳಿ: ‘ನಿನ್ನೆಯ ಚಿತ್ರದಲ್ಲಿ ಎಡಗಡೆಯ ವಿದ್ಯುತ್ ಕಂಬವನ್ನು ಅಳಿಸಲಾಗಿತ್ತು.’ ‘ತಾಂತ್ರಿಕ ಕಾರಣ’ ಎಂಬ ಪದ ಆ ಸಾಲಿನಲ್ಲಿ ಬರಬಾರದು. ತಿದ್ದಿದ ಕಡತವನ್ನು ಸಂಗ್ರಹದಿಂದ ತೆಗೆದು, ‘ಬಳಸಬಾರದು’ ಎಂಬ ಹೆಸರಿನ ಬೇರೆ ಫೋಲ್ಡರಿಗೆ ಹಾಕಿಡಿ.